ಕಾರಿನ ಹಣೆಗೆ ವಿಭೂತಿ

ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಜಾಡಿಗೂ ಹುಣಸೆಹಣ್ಣಿನ ಡಬ್ಬಿಗೂ ನಡುವೆ ಒಂದು ದಪ್ಪ ಪುಸ್ತಕವಿದೆ. ಮೊನ್ನೆ ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಲಲಿತಮ್ಮ ಅದನ್ನು ನೋಡಿ, "ಇಷ್ಟ್ ದಪ್ಪ ಅಡುಗೆ ಪುಸ್ತಕ ಇಟ್ಕೊಂಡೂ ಹಬ್ಬ ಹಬ್ಬಕ್ಕೂ ಅದೇ ಶಾವಿಗೆ ಪಾಯಸಾನೇ ಮಾಡ್ತೀಯಲ್ಲೇ ಗಿರಿಜಾ" ಎಂದರು. ನಾನು ನಕ್ಕು ಹೆಪ್ಪು ಕೊಟ್ಟು ಕಳಿಸಿದೆ. ಅದು ಅಡುಗೆ ಪುಸ್ತಕವಲ್ಲ, ನಮ್ಮ ಕಾರಿನ ಜೊತೆ ಬಂದ ಕೈಪಿಡಿ. ಸೀಟಿನ ಅಧ್ಯಾಯದಲ್ಲಿ ದೋಸೆ ಹಿಟ್ಟು ಒಣಗಿದೆ, ದೀಪಗಳ ಅಧ್ಯಾಯದಲ್ಲಿ ಅರಿಶಿನದ ಬೆರಳಚ್ಚಿದೆ. ಅದನ್ನು ನಾನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದೇನೆ, ಅದೂ ಗಟ್ಟಿಯಾಗಿ. ಕಾರಿನ ಕೈಪಿಡಿಯನ್ನು ಯಾರಾದರೂ ಗಟ್ಟಿಯಾಗಿ ಓದುತ್ತಾರೆಯೇ ಎಂದು ನೀವು ಕೇಳಬಹುದು. ನಾನೂ ಆಗಲೇ ಕೇಳಬೇಕಾಗಿತ್ತು.

ನಾನು ಓದಿದ್ದು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ. ಅಜ್ಜಂಪುರದ ಹೆಣ್ಣುಮಗುವನ್ನು ಹಾಸ್ಟೆಲಿನಲ್ಲಿ ಬಿಟ್ಟು ಇಂಗ್ಲಿಷ್ ಓದಿಸುವುದೆಂದರೆ ಆಗ ಬೀದಿಯೆಲ್ಲ ಆಡಿಕೊಳ್ಳುವ ಸಂಗತಿ. ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಿಸ್ಟರ್ ಬೆನಿಟಾ ಅವರಿಗೆ ಓದುವುದೆಂದರೆ ಒಂದು ವ್ರತ. ಬೆನ್ನು ನೆಟ್ಟಗಿರಬೇಕು, ಪುಸ್ತಕ ಎದೆಯ ಮಟ್ಟಕ್ಕಿರಬೇಕು, ಪೂರ್ಣವಿರಾಮ ಬಂದರೆ ಎರಡು ಎಣಿಸುವಷ್ಟು ಹೊತ್ತು ನಿಲ್ಲಬೇಕು. ನನಗೊಂದು ಕೆಟ್ಟ ಚಾಳಿಯಿತ್ತು. ಸಾಲು ಮುಗಿಯುವ ಮೊದಲೇ ಮುಂದಿನ ಪದವನ್ನು ಊಹಿಸಿ ಹೇಳಿಬಿಡುತ್ತಿದ್ದೆ. ಸಿಸ್ಟರ್ ಡೆಸ್ಕಿನ ಮೇಲೆ ಸ್ಕೇಲಿನಿಂದ ಒಮ್ಮೆ ತಟ್ಟಿ, ಅಲ್ಲಿರುವುದನ್ನು ಓದು ಮಗು, ಇರಲಿ ಎಂದು ನೀನು ಬಯಸುವುದನ್ನಲ್ಲ, ಎನ್ನುತ್ತಿದ್ದರು. ಆ ಮಾತನ್ನು ನಾನು ಪರೀಕ್ಷೆಗೆ ಮಾತ್ರ ಉಪಯೋಗಿಸಿದೆ.

ಕಡೂರಿಗೆ ಸೊಸೆಯಾಗಿ ಬಂದ ಮೇಲೆ ನನ್ನ ಇಂಗ್ಲಿಷಿಗೆ ಹೆಚ್ಚು ಕೆಲಸ ಬೀಳಲಿಲ್ಲ. ಔಷಧಿ ಸೀಸೆಯ ಹಿಂದಿನ ಸಣ್ಣ ಅಕ್ಷರ, ಮಿಕ್ಸಿಯ ಗ್ಯಾರಂಟಿ ಚೀಟಿ, ಅಷ್ಟೆ. ಆಮೇಲೆ ಈ ಕಾರು ಬಂತು.

ನಮ್ಮ ಮನೆಯವರು ಸರ್ವೇಯರ್. ನೌಕರಿಯಿಂದ ನಿವೃತ್ತರಾದ ಮೇಲೂ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬದುವಿನ ತಕರಾರು ಎದ್ದರೆ ಜನ ಅವರನ್ನೇ ಕರೆಯುತ್ತಿದ್ದರು. ಒಂದು ಕಣ್ಣು ಮುಚ್ಚಿ, ದೂರದ ಬಾಂದು ಕಲ್ಲಿನ ಕಡೆ ನೋಡಿ, "ಒಂದ್ ಮೊಳ ಈ ಕಡೆ ಬಂದಿದೆ ಕಣಪ್ಪಾ" ಎಂದರೆ ಮುಗಿಯಿತು. ಆಮೇಲೆ ಸರಪಳಿ ಎಳೆದು ಅಳೆದರೂ ಅದೇ ಒಂದು ಮೊಳ. ಅಂಥವರು ಚೆನ್ನಾಗಿ ಓಡುತ್ತಿದ್ದ ಹಳೆಯ ಕಾರನ್ನು ಕೊಟ್ಟು, ಮೈತುಂಬ ಗುಂಡಿಗಳಿರುವ ಈ ಹೊಸ ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿದರು.

"ಇದಕ್ಕೆ ಕಣ್ಣಿದಾವೆ ಕಣೇ," ಎಂದರು. "ಮುಂದೊಂದು, ಹಿಂದೊಂದು, ಎರಡ್ ಪಕ್ಕಕ್ಕೂ ಒಂದೊಂದು."

"ಇಷ್ಟೊಂದ್ ಕಣ್ಣು ಯಾರಿಗೆ ಬೇಕ್ರೀ?"

"ಇರ್ಲಿ ಇರು. ಬೇಕಾಗುತ್ತೆ."

ವಯಸ್ಸಾದ ಮೇಲೆ ಗಂಡಸರಿಗೆ ಬರುವ ಷೋಕಿ ಎಂದುಕೊಂಡೆ.

ಬೆಳಗಿನ ತಿಂಡಿಯಾದ ಮೇಲೆ ಜಗಲಿಯಲ್ಲಿ ಕೈಪಿಡಿಯ ಪಾರಾಯಣ ಶುರುವಾಯಿತು. "ಕನ್ನಡಕ ಎಲ್ಲಿಟ್ನೋ ಏನೋ. ನೀನೇ ಓದು. ನಿನ್ ಕಾನ್ವೆಂಟ್ ಇಂಗ್ಲಿಷ್ ಕಿವಿಗೆ ಹಿತವಾಗಿರುತ್ತೆ" ಎಂದರು. ಮದುವೆಯಾದ ಇಷ್ಟು ವರ್ಷಕ್ಕೆ ನನ್ನ ಇಂಗ್ಲಿಷನ್ನು ಹೊಗಳಿದ್ದು ಅದೇ ಮೊದಲು. ನಾನು ಬೆನ್ನು ನೆಟ್ಟಗೆ ಮಾಡಿ, ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ, ಓದಿದ್ದೇ ಓದಿದ್ದು. ನಡುನಡುವೆ ಕಪ್ಪು ಚೌಕದೊಳಗೆ ಎಚ್ಚರಿಕೆ ಎಂಬ ತಲೆಬರಹದ ನಾಲ್ಕೈದು ಸಾಲು ಬರುತ್ತಿದ್ದವು. ಅಲ್ಲಿಗೆ ಬಂದ ಕೂಡಲೇ ಅವರು ಕೈ ಆಡಿಸುತ್ತಿದ್ದರು. "ಆ ಡಬ್ಬಿ ಬಿಡು. ಮುಂದೆ ಓದು."

ಮೊದಮೊದಲು ಆ ಕಾರಿನಲ್ಲಿ ನಾನು ಪಟ್ಟ ಪಾಡು ಹೇಳಬಾರದು. ಸೀಟಿನ ಒಳಗಿಂದ ತಣ್ಣನೆ ಗಾಳಿ ಬರುವ ಗುಂಡಿಯೊಂದಿದೆ. ಅದನ್ನು ಅವರು ನನಗೆ ಹೇಳದೆ ಒತ್ತಿಬಿಟ್ಟಾಗ, ಸ್ಟೇಷನ್ ರಸ್ತೆಯ ನಡುವೆ, "ರೀ, ನೀರಿನ ಮೇಲೆ ಕೂತಿದೀನಿ, ನಿಲ್ಸಿ ನಿಲ್ಸಿ!" ಎಂದು ಕೂಗಿ ಸೀರೆ ಹಿಡಿದುಕೊಂಡು ಕೆಳಗಿಳಿದಿದ್ದೆ. ಎಳನೀರಿನ ಗಾಡಿಯವನು ಮಚ್ಚು ಕೆಳಗಿಟ್ಟು ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಮಾತು ಕೇಳುವ ವಿದ್ಯೆಯೂ ಅದಕ್ಕಿತ್ತು. ಇವರು "ಓಪನ್ ಸನ್‌ರೂಫ್" ಎಂದು ಗದರಿಸಿದರೆ, ಕ್ಷಮಿಸಿ ಅರ್ಥವಾಗಲಿಲ್ಲ ಎನ್ನುತ್ತಿತ್ತು. ಮೂರನೆಯ ಸಲಕ್ಕೆ ಇವರ ಕುತ್ತಿಗೆಯ ನರ ಉಬ್ಬುತ್ತಿತ್ತು. ನಾನು ಸಿಸ್ಟರ್ ಬೆನಿಟಾ ಕಲಿಸಿದ ಹಾಗೆ ನಿಧಾನಕ್ಕೆ, ಪದದ ಕೊನೆ ನುಂಗದೆ ಹೇಳಿದರೆ ಛಾವಣಿ ಸದ್ದಿಲ್ಲದೆ ಸರಿದು ಆಕಾಶ ಕಾಣುತ್ತಿತ್ತು.

"ನಿನ್ ಮಾತೇ ಕೇಳೋದು ನೋಡು ಇದು."

"ಈ ಮನೇಲಿ ನನ್ ಮಾತು ಕೇಳಿದ್ದು ಇದೇ ಮೊದಲ್ನೇದು, ಬಿಡಿ."

ಆದರೆ ಅದರ ಕೂಗು ನನಗೆ ಆಗುತ್ತಿರಲಿಲ್ಲ. ಹೆದ್ದಾರಿಯಲ್ಲಿ ಬಿಳಿ ಗೆರೆ ತುಳಿದರೆ ಕೂಗು. ಮುಂದಿನ ಗಾಡಿ ಹತ್ತಿರವಾದರೆ ಕೂಗು. ಹಿಂದೆ ತೆಗೆಯುವಾಗ ನಮ್ಮದೇ ತುಳಸಿಕಟ್ಟೆ ಕಂಡರೂ ಕೂಗು. ತರೀಕೆರೆಗೆ ಹೋಗಿ ಬಂದರೆ ನನ್ನ ತಲೆ ಸಿಡಿಯುತ್ತಿತ್ತು. "ಅದನ್ನ ಆರಿಸೋ ಗುಂಡಿ ಇನ್ನೂರ ಚಿಲ್ಲರೆ ಪುಟದಲ್ಲಿದೆ, ಒತ್ಲಾ?" ಎಂದು ನಾನು ಕೇಳಿದರೆ ಅವರಿಗೆ ಎಲ್ಲಿಲ್ಲದ ಗಾಬರಿ. "ಬೇಡ ಬೇಡ. ಕೂಗ್ಲಿ ಬಿಡೇ, ನಿನಗೇನು?"

ನಾನು ಸಣ್ಣಸಣ್ಣದನ್ನೆಲ್ಲ ಗಮನಿಸುವವಳು. ಲಲಿತಮ್ಮನ ಮೂಗುಬೊಟ್ಟಿನ ಕಲ್ಲು ಬಿದ್ದದ್ದನ್ನು ಅವರಿಗಿಂತ ಮೊದಲು ಕಂಡವಳು ನಾನು. ಹಾಗಾಗಿ ಇವರಲ್ಲಿ ಆಗುತ್ತಿದ್ದದ್ದೂ ಕಾಣುತ್ತಿತ್ತು. ತಟ್ಟೆಯ ಎಡ ಅಂಚಿಗೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತಿತ್ತು. ನಾನು ಉಪ್ಪು ಹೆಚ್ಚಾಯಿತೆಂದು ತಿಳಿದು ಮರುದಿನ ಕಡಿಮೆ ಹಾಕುತ್ತಿದ್ದೆ. ಕಾಫಿ ಬಗ್ಗಿಸುವಾಗ ಲೋಟದೊಳಗೆ ತುದಿಬೆರಳು ಇಡುತ್ತಿದ್ದರು. ಬಿಸಿ ನೋಡುತ್ತಿದ್ದಾರೆ ಎಂದುಕೊಂಡೆ. ನಡುಮನೆಯ ಬಾಗಿಲವಾಡಕ್ಕೆ ಎಡಭುಜ ತಗಲುತ್ತಿತ್ತು. ದಪ್ಪ ಆಗಿದ್ದೀರಿ ಎಂದು ಹಾಸ್ಯ ಮಾಡಿದೆ. ಚಪ್ಪಲಿಯನ್ನು ಕಾಲಿನಿಂದ ತಡವಿ ಹಾಕಿಕೊಳ್ಳುತ್ತಿದ್ದರು. ಸೋಮಾರಿತನ ಎಂದು ಗೊಣಗಿದೆ. ಎಲ್ಲವನ್ನೂ ಕಂಡೆ. ಒಂದನ್ನೂ ಇದ್ದ ಹಾಗೆ ಓದಲಿಲ್ಲ.

ಈಗ ನಮ್ಮ ತಾತನ ಗಾಡಿಯ ವಿಷಯ ಹೇಳಬೇಕು. ಅಜ್ಜಂಪುರದ ಮನೆಯಲ್ಲಿ ತಾತನಿಗೆ ಒಂದು ಜೊತೆ ಅಮೃತಮಹಲ್ ಎತ್ತುಗಳಿದ್ದವು. ತಾತನ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಮಾತಾಡಿದ ಮೇಲೆಯೇ ಯಾರೆಂದು ತಿಳಿಯುತ್ತಿದ್ದದ್ದು. ಆದರೂ ಗಾಡಿ ಕಟ್ಟುವುದನ್ನು ಬಿಟ್ಟಿರಲಿಲ್ಲ. ಹೊಲದಿಂದ ಮಧ್ಯಾಹ್ನ ಬರುವಾಗ ಹಗ್ಗ ಸಡಿಲ ಬಿಟ್ಟು ತೂಕಡಿಸುತ್ತಿದ್ದರು. ಎತ್ತುಗಳು ತಿರುವಿನಲ್ಲಿ ತಾವೇ ತಿರುಗಿ, ಎದುರು ಗಾಡಿ ಬಂದರೆ ತಾವೇ ಸರಿದು, ಮನೆಯ ಮುಂದೆ ತಾವೇ ನಿಲ್ಲುತ್ತಿದ್ದವು. ಸೋಮವಾರ ಮೈ ತೊಳೆದ ಮೇಲೆ ಅವುಗಳ ಹಣೆಗೆ ವಿಭೂತಿ ಇಡುವ ಕೆಲಸ ನನ್ನದು. ತಾತ ನನ್ನನ್ನು ಎತ್ತಿಕೊಂಡು ನಿಲ್ಲುತ್ತಿದ್ದರು. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಎರಡು ಕಣ್ಣಿನ ನಡುವೆ ಎಳೆದರೆ, ಎತ್ತು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಆ ಬೆಚ್ಚನೆಯ ಹಣೆಯ ಗಟ್ಟಿ ಮೂಳೆ ನನ್ನ ಬೆರಳಿಗೆ ಇನ್ನೂ ನೆನಪಿದೆ.

ರಾಗಿ ಕೊಯ್ಲಿನ ಕಾಲದಲ್ಲಿ ಒಂದು ದಿನ ತರೀಕೆರೆಯಿಂದ ಅಜ್ಜಂಪುರಕ್ಕೆ ಹೊರಟಿದ್ದೆವು. ನಮ್ಮ ಕಡೆ ಟಾರು ರಸ್ತೆಯೇ ಕಣ. ರಾಗಿ ಹುಲ್ಲನ್ನು ರಸ್ತೆಗೆ ಹರಡಿ, ಓಡಾಡುವ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ನಮ್ಮ ಕಾರು ಆ ಹುಲ್ಲಿನ ರಾಶಿ ಕಂಡದ್ದೇ ಒಮ್ಮೆ ಕಿರುಚಿ, ಯಾರೂ ಬ್ರೇಕ್ ಒತ್ತದೆ ತಾನೇ ಗಕ್ಕನೆ ನಿಂತುಬಿಟ್ಟಿತು. ರಸ್ತೆ ಬದಿಯಲ್ಲಿ ಮೊರ ಹಿಡಿದು ಕೂತಿದ್ದ ಹೆಂಗಸರು ಎದ್ದು ಬಂದರು.

"ಯಾಕಣ್ಣ ನಿಲ್ಸ್ಬಿಟ್ಟೆ? ನಿನ್ ಕಾರಿಗೆ ರಾಗಿ ಸೇರಕಿಲ್ವಾ?"

"ಅಕ್ಕಿ ತಿನ್ನೋ ಕಾರು ಕಣೇ ಅದು, ಬಣ್ಣ ನೋಡು!"

ಇನ್ನೊಬ್ಬಳು ಬಾನೆಟ್ ತಟ್ಟಿ, "ಹತ್ತಪ್ಪ, ಹತ್ತು. ನಾವೇನ್ ಅನ್ಕೊಳ್ಳಾಕಿಲ್ಲ" ಎಂದು ಕಾರನ್ನೇ ಪುಸಲಾಯಿಸಿದಳು. ನಾನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡೆ. ಇವರು ಮಾತ್ರ ನಗಲಿಲ್ಲ. ಸ್ಟೀರಿಂಗ್ ಹಿಡಿದ ಕೈ ಸಡಿಲಿಸಿ, "ನಿಲ್ತು ನೋಡಿದ್ಯಾ? ತಾನೇ ನಿಲ್ತು" ಎಂದರು. ಆ ದನಿಯಲ್ಲಿ ಇದ್ದದ್ದು ಹೆಮ್ಮೆ ಎಂದುಕೊಂಡೆ. ಈಗ ಗೊತ್ತು, ಬದುಕಿಕೊಂಡೆ ಎಂಬ ನಿಟ್ಟುಸಿರು ಅದು.

ತಾನೇ ನಿಲ್ಲುವ ಗಾಡಿ ನನಗೆ ತಾತನ ಎತ್ತುಗಳನ್ನು ನೆನಪಿಸಿತು. ಜೊತೆಗೆ, ಅಷ್ಟು ಜನ ಸುತ್ತ ನಿಂತು ನೋಡಿದ್ದರಿಂದ ದೃಷ್ಟಿಯಾದೀತೆಂಬ ಭಯ. ಮುಂದಿನ ಶುಕ್ರವಾರ ಬೆಳಿಗ್ಗೆ ಕಾರನ್ನು ತೊಳೆದು, ಕುರ್ಚಿ ಹಾಕಿಕೊಂಡು ಹತ್ತಿ, ಮುಂದಿನ ಗಾಜಿನ ನಡುನೆತ್ತಿಗೆ, ಒಳಗಿನ ಕನ್ನಡಿಗೆ ಸರಿಯಾಗಿ ಹೊರಗಡೆ, ಮೂರು ಬೆರಳಿನ ವಿಭೂತಿ ಎಳೆದೆ. ಕಾರಿಗೆ ಹಣೆ ಅಂತಿದ್ದರೆ ಅದೇ ಅಲ್ಲವೇ? ನಡುವೆ ಒಂದು ದುಂಡು ಕುಂಕುಮ. ಸ್ವಲ್ಪ ದಪ್ಪಗೇ ಇಟ್ಟೆ, ಬಿಸಿಲಿಗೆ ಉದುರಬಾರದಲ್ಲ.

ಅವತ್ತೇ ಯಗಟಿಯ ಕಡೆ ಅವರಿಗೊಂದು ಅಳತೆಯಿತ್ತು. ಮನೆಯಲ್ಲಿ ಕೂತು ಏನು ಮಾಡಲಿ ಎಂದು ನಾನೂ ಹೊರಟೆ. ಕಾರು ಶುರುವಾಗುತ್ತಲೇ ಟಿಂಗ್ ಎಂದು, ಇವರ ಮುಂದಿನ ಪರದೆಯಲ್ಲಿ ಹಳದಿ ಅಕ್ಷರದ ಒಂದು ಸಾಲು ಬಂತು. ಮುಂದಿನ ಕ್ಯಾಮೆರಾ ಮುಚ್ಚಿದೆ, ಚಾಲಕ ಸಹಾಯ ಲಭ್ಯವಿಲ್ಲ ಎಂದು ಇಂಗ್ಲಿಷಿನಲ್ಲಿತ್ತು.

"ಏನಂತೆ?" ಎಂದರು.

ನಾನು ಕೈಚೀಲದಲ್ಲಿ ಮಜ್ಜಿಗೆ ಬಾಟಲಿಯ ಮುಚ್ಚಳ ಬಿಗಿ ಇದೆಯೇ ನೋಡುತ್ತಿದ್ದೆ. "ಏನಿಲ್ಲ ರೀ, ಅದರದ್ದು ದಿನಾ ಒಂದೊಂದು. ನಡೀರಿ" ಎಂದೆ. ನಾನು, ಪೂರ್ಣವಿರಾಮಕ್ಕೆ ಎರಡು ಎಣಿಸಿ ನಿಲ್ಲಲು ಕಲಿತವಳು, ಹಾಗೆಂದೆ.

ದಾರಿಯುದ್ದಕ್ಕೂ ಕಾರು ಉಸಿರೆತ್ತಲಿಲ್ಲ. ನನಗೆ ಎಷ್ಟು ಹಿತವಾಯಿತೆಂದರೆ, ಇಕ್ಕೆಲದ ತೆಂಗಿನ ಮರ ನೋಡುತ್ತ ದೇವರ ನಾಮವೊಂದನ್ನು ಗುನುಗಿಕೊಂಡೆ. ಇವರು ಮುಂದಕ್ಕೆ ಬಾಗಿ ಕೂತಿದ್ದರು. ಎಸಿ ಇದ್ದರೂ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

"ಇವತ್ತ್ಯಾಕೋ ಕೂಗ್ತಾನೇ ಇಲ್ವಲ್ಲೇ."

"ಕೂಗ್ದಿದ್ರೆ ಒಳ್ಳೇದಲ್ವೇನ್ರೀ? ನೀವು ಸರಿಯಾಗಿ ಓಡಿಸ್ತಿದೀರಿ ಅಂತ."

ಅವರು ನನ್ನ ಮಾತನ್ನು ನಂಬಿದರು. ಎರಡು ನಿಮಿಷವಾದ ಮೇಲೆ ಬೆನ್ನನ್ನು ಸೀಟಿಗೆ ಒರಗಿಸಿದರು.

ಕುರಿಮಂದೆ ಎಡಗಡೆಯಿಂದ ರಸ್ತೆಗೆ ಬರುತ್ತಿತ್ತು. ನನಗೆ ಚೆನ್ನಾಗಿ ಕಾಣುತ್ತಿತ್ತು. ಅವರಿಗೂ ಕಂಡಿದೆ, ಈಗ ನಿಧಾನ ಮಾಡುತ್ತಾರೆ, ಈಗ ಮಾಡುತ್ತಾರೆ ಎಂದು ಕಾಯುತ್ತಿದ್ದೆ. "ರೀ!" ಎಂದು ಕಿರುಚುವ ಹೊತ್ತಿಗೆ ಕಾರಿನ ಮೂತಿಗೆ ಏನೋ ಮೆತ್ತಗೆ ಬಡಿಯಿತು. ಅಷ್ಟು ಮೆತ್ತಗಿನ ಸದ್ದನ್ನು ನಾನು ಮತ್ತೆಂದೂ ಕೇಳಬಾರದು.

ಮರಿಯೊಂದು ಬಿದ್ದಿತ್ತು. ಕುರಿ ಕಾಯುವ ಮುದುಕಿ ಕೋಲು ಎಸೆದು ಓಡಿ ಬಂದು ಅದನ್ನು ತೊಡೆಗೆ ಎಳೆದುಕೊಂಡಳು. ಮಂದೆಯ ಈಚೆ ಅಂಚಿನಲ್ಲೇ ಒಂದು ಹೆಣ್ಣುಮಗು, ಆಕೆಯ ಮೊಮ್ಮಗಳಿರಬೇಕು, ಕೈಯಲ್ಲಿ ಸೊಪ್ಪು ಹಿಡಿದು ನಿಂತಿತ್ತು. ಆ ಮರಿಗೂ ಆ ಮಗುವಿಗೂ ನಡುವೆ ನಾಲ್ಕು ಹೆಜ್ಜೆಯೂ ಇರಲಿಲ್ಲ.

"ಇಷ್ಟ್ ಅಗ್ಲ ಮಂದೆ ಬತ್ತಾ ಐತೆ, ಕಣ್ ಕಾಣಕಿಲ್ವೇನಯ್ಯಾ ನಿಂಗೆ?" ಎಂದಳು ಮುದುಕಿ.

ರಸ್ತೆಯಲ್ಲಿ ಯಾರು ಯಾರಿಗೆ ಬೇಕಾದರೂ ಆಡುವ ಬೈಗುಳ ಅದು. ಇವರು ಉತ್ತರ ಕೊಡುತ್ತಾರೆ, ಒಂದು ಮಾತಿಗೆ ಎರಡು ಆಡುತ್ತಾರೆ ಎಂದುಕೊಂಡೆ. ಅವರು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದರು. ಆಮೇಲೆ ಬಹಳ ಮೆಲ್ಲಗೆ, "ಇಲ್ಲ ಕಣವ್ವ. ಆ ಕಡೆ ಕಾಣಲ್ಲ ನಂಗೆ" ಎಂದರು.

ಮುದುಕಿ ಮರಿಯ ಮೇಲಿನಿಂದ ತಲೆಯೆತ್ತಿದಳು. ನನ್ನನ್ನು ನೋಡಿದಳು. ಗೊತ್ತಿದ್ದೂ ಇವನನ್ನು ಬಿಟ್ಟೆಯಾ ಎಂದು ಆ ನೋಟ ಕೇಳಿತು. ಗೊತ್ತಿರಲಿಲ್ಲ ತಾಯೀ, ಎಲ್ಲ ಕಾಣುತ್ತಿತ್ತು, ಗೊತ್ತಿರಲಿಲ್ಲ ಎಂದು ಹೇಳುವುದಾದರೂ ಹೇಗೆ?

ಕಾರನ್ನು ಯಗಟಿಯವರೊಬ್ಬರು ಓಡಿಸಿ ಮನೆ ಸೇರಿಸಿದರು. ಬಸ್ಸಿನಲ್ಲಿ ಕರೆದುಕೊಂಡು ಹೋದರೆ, ಶಿವಮೊಗ್ಗದ ಕಣ್ಣಿನ ಡಾಕ್ಟರು ಇವರನ್ನು ನೋಡುತ್ತಲೇ ಗುರುತು ಹಿಡಿದರು. "ಎರಡು ವರ್ಷದ ಹಿಂದೇನೇ ಹೇಳಿದ್ನಲ್ಲ, ಗಾಡಿ ಓಡಿಸ್ಬೇಡಿ ಅಂತ? ಇದು ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ. ಅದೂ ಎಷ್ಟು ದಿನ ಅಂತ ಹೇಳೋಕಾಗಲ್ಲ." ಆಮೇಲೆ ನನ್ನ ಕಡೆ ತಿರುಗಿ, ಇವರು ಲೋಕವನ್ನು ಒಂದು ಕೊಳವೆಯೊಳಗಿಂದ ನೋಡುತ್ತಿದ್ದಾರೆಂದೂ ಆ ಕೊಳವೆ ದಿನೇದಿನೇ ಸಣ್ಣದಾಗುತ್ತಿದೆಯೆಂದೂ ಹೇಳಿದರು. ಮನೆಗೆ ಬಂದು ಅಳತೆಯ ಚೀಲ ತೆಗೆದರೆ, ಸರಪಳಿಯ ಕೆಳಗೆ ಕಣ್ಣಿಗೆ ಬಿಡುವ ಹನಿಯ ಖಾಲಿ ಸೀಸೆಗಳು. ಆ ಚೀಲವನ್ನು ನಾನೇ ಎಷ್ಟೋ ಸಲ ಗೋಡೆಯ ಗೂಟಕ್ಕೆ ನೇತುಹಾಕಿದ್ದೆ.

ಒಬ್ಬರಿಗೂ ಹೇಳದೆ, ತನ್ನ ಕಣ್ಣು ಹೋಗುತ್ತಿದ್ದ ಹಾಗೆ ಕಣ್ಣಿರುವ ಕಾರೊಂದನ್ನು ಹುಡುಕಿ ತಂದ ಮನುಷ್ಯ ಇವರು. ನಾನು ಅದರ ಕಣ್ಣನ್ನೂ ಮುಚ್ಚಿದೆ.

ಅದು ನನಗೆ ತಿಳಿದದ್ದು ಕಾರು ನೋಡಲು ಮೆಕ್ಯಾನಿಕ್ ಮನೆಗೆ ಬಂದ ದಿನ. ಅವರು ಮುಂದಿನ ಗಾಜು ನೋಡಿ ತಲೆ ಕೆರೆದುಕೊಂಡರು. "ಮೇಡಂ, ಇಲ್ಲಿ ವಿಭೂತಿ ಯಾರು ಇಟ್ಟಿದ್ದು? ಕ್ಯಾಮೆರಾ ಇರೋದೇ ಇದರ ಹಿಂದೆ. ಕಾರ್ ಏನೂ ಕೆಟ್ಟಿಲ್ಲ. ಇದೊಂದನ್ನ ಒರೆಸಿದ್ರೆ ಸಾಕು, ಮೊದಲಿನ ಹಾಗೇ ಕೂಗುತ್ತೆ, ನಿಲ್ಲುತ್ತೆ." ಬಟ್ಟೆಯಿಂದ ಒಂದು ಸಲ ಒರೆಸಿದರು. ಮುಗಿಯಿತು.

ಇವರು ಜಗಲಿಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿದ್ದರು. ಮೆಕ್ಯಾನಿಕ್ ಮಾತಾಡುವಾಗ ರೇಡಿಯೋ ಸದ್ದು ಸಣ್ಣದಾದದ್ದನ್ನು ಗಮನಿಸಿದೆ. ಸ್ಟೇಷನ್ ಸರಿಯಾಗಿ ಸಿಗುತ್ತಿಲ್ಲವೇನೋ ಎಂದುಕೊಂಡೆ.

ಮೆಕ್ಯಾನಿಕ್ ಹೋದ ಮೇಲೆ ಬಹಳ ಹೊತ್ತು ಕಾರಿನ ಪಕ್ಕ ನಿಂತಿದ್ದೆ. ತಪ್ಪು ನನ್ನದು, ನಿಮ್ಮ ಕಾರು ನಿಮ್ಮ ಕೈ ಬಿಟ್ಟಿರಲಿಲ್ಲ ಎಂದು ಹೇಳಿದರೆ ಇವರ ಎದೆ ಹಗುರಾಗುತ್ತಿತ್ತು. ಆದರೆ ನಾಳೆ ಬೆಳಿಗ್ಗೆಯೇ ಕೀ ಕೇಳುತ್ತಿದ್ದರು. ಕಾರು ಸರಿ ಇದ್ದರೆ ನಾನೂ ಸರಿ ಎಂದು ಲೆಕ್ಕ ಹಾಕುವ ಮನುಷ್ಯ. ನನಗೆ ಸೊಪ್ಪು ಹಿಡಿದು ನಿಂತ ಆ ಮಗು ಕಂಡಿತು. ಒಳಗೆ ಹೋಗಿ, "ರಿಪೇರಿ ಆಗಲ್ವಂತೆ ರೀ. ಮುಂದಿನ ಕಣ್ಣು ಹೋಗ್ಬಿಟ್ಟಿದೆಯಂತೆ" ಎಂದೆ.

"ಅದಕ್ಕೂ ಹೋಯ್ತಾ?" ಎಂದರು, ಅಷ್ಟೆ.

ಅಂದಿನಿಂದ ಪ್ರತಿ ಶುಕ್ರವಾರ ಕುರ್ಚಿ ಹಾಕಿ ಹತ್ತಿ ವಿಭೂತಿ ಇಡುತ್ತೇನೆ, ದಪ್ಪಗೆ, ಅದೇ ಜಾಗಕ್ಕೆ. ಈ ಕಾರನ್ನು ಓಡಿಸುವವರು ಮನೆಯಲ್ಲಿ ಯಾರೂ ಇಲ್ಲ. ಹಿಂದೊಮ್ಮೆ ಹಳೆಯ ಕಾರಿನಲ್ಲಿ ನಾನು ಕಲಿಯಲು ಹೊರಟು ಹಾಲಿನ ಡೇರಿಯ ಗೇಟನ್ನು ಮನೆಗೆ ತರುವುದರಲ್ಲಿದ್ದೆ. ಮಾರೋಣ ಎಂದರೆ ಇವರು ಮಾತು ಬದಲಾಯಿಸುತ್ತಾರೆ. ಬ್ಯಾಟರಿ ಸಾಯಬಾರದೆಂಬ ನೆಪದಲ್ಲಿ ಶುಕ್ರವಾರ ಸಂಜೆ ಇಬ್ಬರೂ ಕಾರಿನಲ್ಲಿ ಕೂರುತ್ತೇವೆ. ಇವರ ಸೀಟು ತಾನೇ ಮುಂದಕ್ಕೆ ಸರಿದು ಇವರ ಅಳತೆಗೆ ನಿಲ್ಲುತ್ತದೆ. ಕೂತವರು ಯಾರೆಂದು ಅದಿನ್ನೂ ಮರೆತಿಲ್ಲ. ಇವರು ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು ಶುರು ಮಾಡುತ್ತಾರೆ. ಟಿಂಗ್ ಎನ್ನುತ್ತದೆ. "ಏನಂತೆ?" ಎನ್ನುತ್ತಾರೆ. ನಾನು ಆ ಹಳದಿ ಸಾಲನ್ನು, ಪದದ ಕೊನೆ ನುಂಗದೆ, ಓದುತ್ತೇನೆ. ಅವರು ತಲೆಯಾಡಿಸುತ್ತಾರೆ. ಕಾರು ಗೇಟು ದಾಟುವುದಿಲ್ಲ.

ಕಳೆದ ಶುಕ್ರವಾರ ನನಗೆ ಜ್ವರ. ಕುರ್ಚಿ ಹತ್ತುವ ಚೈತನ್ಯವಿರಲಿಲ್ಲ. ಹಿಂದಿನ ದಿನ ಬಿದ್ದ ಮಳೆಗೆ ಗಾಜು ತೊಳೆದುಹೋದದ್ದೂ ನೆನಪಿಗೆ ಬರಲಿಲ್ಲ. ಸಂಜೆ ಶಾಲು ಹೊದ್ದು ಪಕ್ಕದಲ್ಲಿ ಕೂತೆ. ಇವರು ಕಾರು ಶುರು ಮಾಡಿದರು.

ಟಿಂಗ್ ಎನ್ನಲಿಲ್ಲ.

ಪರದೆಯಲ್ಲಿ ಹಳದಿ ಸಾಲಿರಲಿಲ್ಲ. ಎರಡು ಬಿಳಿ ಗೆರೆಗಳು, ನಡುವೆ ಒಂದು ಪುಟ್ಟ ಕಾರು. ಎಲ್ಲ ಸರಿಯಿದೆ, ಹೊರಡಿ ಎನ್ನುವ ಹಾಗೆ. ಮುಂದೆ ಗೇಟು ತೆರೆದೇ ಇತ್ತು. ಇವರು ಗೇರಿನ ಮೇಲೆ ಕೈಯಿಟ್ಟರು. ಆ ಕೈಯನ್ನು ಹಿಡಿಯಲೇ, ಸುಳ್ಳನ್ನೇ ಓದಲೇ ಎಂದು ನಾನು ಒದ್ದಾಡುತ್ತಿರುವಾಗ, ಅವರು ಆ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಶುಕ್ರವಾರ ಅಲ್ವೇನೇ ಇವತ್ತು?"

"ಹೂಂ ರೀ."

"ಗಾಜಿಗೆ ವಿಭೂತಿ ಇಟ್ಟಿಲ್ಲ ನೀನು. ಇಟ್ ಬಾ, ಹೋಗು."

ನಾನು ಇಳಿದೆ. ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ತೇದು, ಕುರ್ಚಿ ಹತ್ತಿದೆ. ಗಾಜಿನ ಆ ಕಡೆ ಅವರ ಮುಖವಿತ್ತು. ನನ್ನನ್ನೇ ನೋಡಲು ಪ್ರಯತ್ನಿಸುತ್ತಿದ್ದರು, ಆದರೆ ನೋಟ ನನ್ನಿಂದ ಒಂದು ಮೊಳ ಆಚೆಗಿತ್ತು. ಮೂರು ಬೆರಳು ಅದ್ದಿ ಎಳೆದೆ. ತಣ್ಣನೆಯ ಗಾಜು.

ಒಳಗೆ ಟಿಂಗ್ ಎಂದಿತು.

ಬಂದು ಪಕ್ಕದಲ್ಲಿ ಕೂತು ಬಾಗಿಲೆಳೆದುಕೊಂಡೆ. ಬೆರಳಿನ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡೆ.

"ಏನಂತೆ?" ಎಂದರು.

ಓದಿದೆ.